ಮಗ್ಗ ಕಳೆದು ಉಳಿದ ಮಾತು

ನನ್ನ ಅಕ್ಕನಿಗೆ ಕಿವಿ ಕೇಳುವುದಿಲ್ಲ ಎಂಬುದು ಅವಳ ಗಂಡನ ಮನೆಯವರಿಗೆ ಗೊತ್ತಾದದ್ದು ಕರೆಂಟು ಹೋದ ಒಂದು ಮಧ್ಯಾಹ್ನ. ಅಲ್ಲಿಯವರೆಗೆ ಅದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ ಎಂದರೆ ಮಗ್ಗದ ಮನೆ ಕಾಣದವರು ನಂಬಲಿಕ್ಕಿಲ್ಲ. ಬನಹಟ್ಟಿಯ ಆ ಮನೆಯ ಮುಂದಿನ ಅರ್ಧ ಪೂರ್ತಿ ಪವರ್‌ಲೂಮು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಸಂಜೆವರೆಗೆ ಒಂದೇ ಸಮ ಖಟಖಟ. ಒಳಗೆ ಅಡುಗೆಮನೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರಿಗೂ ಒಬ್ಬರ ದನಿ ಒಬ್ಬರಿಗೆ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಗುಟ್ಟು ಹೇಳಬೇಕಾದರೆ ಆ ಮನೆಯಲ್ಲಿ ದನಿ ಇಳಿಸುವುದಿಲ್ಲ, ಬೆನ್ನು ತಿರುಗಿಸುತ್ತಾರೆ. ಬೆನ್ನು ತಿರುಗಿಸಿ ಗಂಟಲು ಹರಿದುಕೊಂಡು ಹೇಳಿದರೂ ಅದು ಗುಟ್ಟೇ.

ನಾವು ಸಮೀರವಾಡಿ ಕಡೆಯ ಕಬ್ಬಿನ ಮಂದಿ. ಅಕ್ಕ ಮದುವೆಯಾಗಿ ಹೋದ ಹೊಸತಿನಲ್ಲಿ ತಲೆ ಸಿಡಿಯುತ್ತದೆ ಎಂದು ಅಳುತ್ತಿದ್ದಳು. ಆಮೇಲೆ ಅಳು ನಿಂತಿತು. ರೂಢಿಯಾಯಿತು ಎಂದು ನಾವೆಲ್ಲ ಸಮಾಧಾನಪಟ್ಟೆವು. ರೂಢಿಯೂ ಇಲ್ಲ, ಮಣ್ಣೂ ಇಲ್ಲ. ಕೇಳುವ ಕಿವಿಯೇ ಹೋಗುತ್ತ ಬಂದಿತ್ತು.

ಆ ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಾಗ ಅಕ್ಕ ಗೋಡೆಗೆ ಮುಖ ಮಾಡಿ ಕೂತು ನೂಲು ಬಿಡಿಸುತ್ತಿದ್ದಳಂತೆ. ಅವಳ ಅತ್ತೆ ಹಿಂದಿನಿಂದ ನೀರು ಕೇಳಿದಳು. ಮತ್ತೊಮ್ಮೆ ಕೇಳಿದಳು. ಆಮೇಲೆ ಏನು ಅನಿಸಿತೋ, ಹಿತ್ತಾಳೆಯ ಊಟದ ಗಂಗಾಳ ತಂದು ಅಕ್ಕನ ಬೆನ್ನ ಹಿಂದೆ ಫರಸಿಕಲ್ಲಿನ ನೆಲದ ಮೇಲೆ ಎತ್ತಿ ಹಾಕಿದಳು. ಪಕ್ಕದ ಮನೆಯವರು ಓಡಿ ಬಂದರು. ಅಕ್ಕ ನೂಲು ಬಿಡಿಸುತ್ತಲೇ ಇದ್ದಳು.

ಅಂದಿನಿಂದ ಅವಳ ಹೆಸರು ಹೋಯಿತು, ಕೆಪ್ಪಿ ಎಂಬುದು ಬಂತು. ಮುಖದ ಮುಂದೆ ಅಲ್ಲ, ಬೆನ್ನ ಹಿಂದೆ. ಆ ಮುದುಕಿ ಇಷ್ಟಕ್ಕೇ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅವಳು ಅಕ್ಕನ ಮಗಳಿಗೆ ಒಂದು ಆಟ ಕಲಿಸಿದಳು. ಮಗಳು ಆಗ ಕನ್ನಡ ಸಾಲಿಗೆ ಹೋಗುತ್ತಿದ್ದ ಸಣ್ಣ ಹುಡುಗಿ. ಹೊಗೆ ನುಸುಳಿದ ಹಾಗೆ ಸದ್ದಿಲ್ಲದೆ ತಾಯಿಯ ಹಿಂದೆ ಹೋಗಿ ನಿಲ್ಲಬೇಕು, ಅಜ್ಜಿ ಹೇಳಿಕೊಟ್ಟ ಬೈಗುಳವನ್ನು ಕೂಗಬೇಕು, ತಾಯಿ ತಿರುಗಿದರೆ ಸೋಲು, ತಿರುಗದಿದ್ದರೆ ಗೆಲುವು. ಗೆದ್ದರೆ ಬೆಲ್ಲದ ಚೂರು. ಹುಡುಗಿ ದಿನವೂ ಗೆಲ್ಲುತ್ತಿತ್ತು. ಇದನ್ನು ನನಗೆ ಪಕ್ಕದ ಮನೆಯ ಹೆಂಗಸು ನಗುತ್ತ ಹೇಳಿದಳು. ಅಕ್ಕನಿಗೆ ನಾನು ಹೇಳಲಿಲ್ಲ. ಹೇಗೆ ಹೇಳಲಿ?

ಆಮೇಲೆ ಭಾವ, ಎಂದರೆ ಅಕ್ಕನ ಗಂಡ, ತವರಿಗೆ ಸುದ್ದಿ ಮುಟ್ಟಿಸಿದ. ಕಿವಿ ಕೇಳದ ಹೆಂಗಸಿನ ಜೊತೆ ಬಾಳುವೆ ಆಗುವುದಿಲ್ಲ, ಕರೆದುಕೊಂಡು ಹೋಗಿರಿ, ಮಗಳು ಮಾತ್ರ ನಮ್ಮ ಮನೆಯಲ್ಲೇ ಇರಲಿ. ಬೀಳಗಿ ಕಡೆ ಒಂದು ಹೆಣ್ಣು ನೋಡಿಟ್ಟಿದ್ದಾರೆಂದು ಊರೆಲ್ಲ ಮಾತಿತ್ತು. ನಮ್ಮಪ್ಪ ಪಂಚಾಯಿತಿ ಮಾಡುವ ಮುಧೋಳದ ಹಿರಿಯರ ಕೈಕಾಲು ಹಿಡಿದ. ಸಂಕ್ರಮಣ ಮುಗಿದ ಮೇಲೆ ಭಾವನ ಮನೆಯಲ್ಲೇ ಕೂಡುವುದು, ಅಕ್ಕನನ್ನು ಎಲ್ಲರ ಮುಂದೆ ಮಾತನಾಡಿಸಿ ನೋಡುವುದು, ಕೇಳಿಸಿಕೊಂಡು ಉತ್ತರ ಕೊಟ್ಟರೆ ಇರಲಿ, ಕೊಡದಿದ್ದರೆ ತವರಿಗೆ ಕಳಿಸುವುದು ಎಂದಾಯಿತು. ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರಲ್ಲ, ಹಾಗೆ. ಪೊಲೀಸು, ಕೋರ್ಟು, ಎರಡನೇ ಮದುವೆ ಅಪರಾಧ ಎಂದೆಲ್ಲ ನಾನು ಹಾರಾಡಿದೆ. ಅಕ್ಕ ನನ್ನ ಬಾಯಿ ಮುಚ್ಚಿಸಿದಳು. ಕೋರ್ಟಿಗೆ ಹೋದರೆ ಮಗಳನ್ನು ತೋರಿಸುವುದೂ ಇಲ್ಲ ಎಂದು ಅವಳಿಗೆ ಹೆದರಿಕೆ.

"ನಾ ಇಲ್ಲೇ ಇರ್ತೀನಿ. ಅಕಿನ ಬಿಟ್ಟು ನಾ ಎಲ್ಲೂ ಬರಂಗಿಲ್ಲ. ನಿನಗ ಆದ್ರ ಕಿವಿ ಕೊಡಸ, ಇಲ್ಲಂದ್ರ ಸುಮ್ಮನಿರು," ಎಂದಳು.

ಕಿವಿ ಕೊಡಿಸು ಎಂದರೆ ಅಂಗಡಿಯ ಮಾತೇ? ಅಂಗಡಿಯದನ್ನೂ ಕೊಡಿಸಿದ್ದೆ. ಅದು ಮಾತನ್ನು ಎಷ್ಟು ದೊಡ್ಡದು ಮಾಡುತ್ತಿತ್ತೋ ಮಗ್ಗವನ್ನೂ ಅಷ್ಟೇ ದೊಡ್ಡದು ಮಾಡುತ್ತಿತ್ತು. ಅಕ್ಕ ಒಂದು ಹೊತ್ತು ಹಾಕಿಕೊಂಡು, ಕಿತ್ತು, ಜೋಳದ ಡಬ್ಬಿಯೊಳಗೆ ಒಗೆದಿದ್ದಳು.

ನಾನು ಜಮಖಂಡಿಯಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಪಾಠ ಹೇಳುವವಳು. ಸದ್ದು, ಚಿತ್ರ, ನಡುಕ ಇವನ್ನೆಲ್ಲ ಅಂಕಿಗಳನ್ನಾಗಿ ಮಾಡಿ ಆ ಅಂಕಿಗಳ ಮೇಲೆ ಲೆಕ್ಕ ನಡೆಸುವ ಎಲೆಕ್ಟ್ರಾನಿಕ್ ಚಿಪ್ಪುಗಳ ಒಳಜೋಡಣೆಯೇ ನನ್ನ ವಿಷಯ. ಬೋರ್ಡಿನ ಮುಂದೆ ನಿಂತು ದೊಡ್ಡ ದೊಡ್ಡ ಮಾತು ಹೇಳುತ್ತಿದ್ದೆ. ಈಗ ಒಂದು ಸಲ ಅದು ಮನೆಗೆ ಉಪಯೋಗಕ್ಕೆ ಬರಲಿ ನೋಡೋಣ ಎಂದು ಹಟಕ್ಕೆ ಬಿದ್ದೆ.

ಉಪಾಯ ಸರಳ. ಅಕ್ಕನ ಕೊರಳ ಹತ್ತಿರ ಒಂದು ಮೈಕು. ಅದಕ್ಕೆ ಮಾತೂ ಬೀಳುತ್ತದೆ, ಮಗ್ಗವೂ ಬೀಳುತ್ತದೆ. ಮಗ್ಗಗಳ ಕಬ್ಬಿಣದ ಕಾಲಿಗೆ ಅಂಟಿಸಿದ ಬೇರೆ ಮೈಕುಗಳು. ಅವಕ್ಕೆ ಮಾತು ಮುಟ್ಟುವುದಿಲ್ಲ, ಮಗ್ಗದ ನಡುಕ ಅಷ್ಟೇ. ಆ ನಡುಕ ಸಣ್ಣ ರೇಡಿಯೋ ಮೂಲಕ ಅಕ್ಕನ ಸೊಂಟದ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆಯೊಳಗಿನ ಚಿಪ್ಪು ಮೊದಲಿನದರಲ್ಲಿ ಎರಡನೆಯದನ್ನು ಕಳೆಯುತ್ತದೆ. ಮಗ್ಗ ಕಳೆದರೆ ಉಳಿಯುವುದು ಮಾತು. ಅದನ್ನು ಕಿವಿಯೊಳಗೆ ಕೂರುವ ಒಂದು ಸಣ್ಣ ತುಂಡು ದೊಡ್ಡದು ಮಾಡಿ ಕೇಳಿಸುತ್ತದೆ. ಮಗ್ಗಕ್ಕೆ ಮೈಕು ಅಂಟಿಸಲು ಭಾವ ಬೇಡ ಎನ್ನಲಿಲ್ಲ. ತಮಾಷೆ ನೋಡುವ ಆಸೆ ಅವನಿಗೆ.

ತಮಾಷೆ ಸಿಕ್ಕಿತು. ನನ್ನ ಮೊದಲ ಪೆಟ್ಟಿಗೆ ಸದ್ದನ್ನು ಕಂತುಕಂತಾಗಿ ಕೂಡಿಟ್ಟುಕೊಂಡು, ಒಂದು ಕಂತು ತುಂಬಿದ ಮೇಲೆ ಲೆಕ್ಕ ಮಾಡಿ, ಆಮೇಲೆ ಕಿವಿಗೆ ಬಿಡುತ್ತಿತ್ತು. ಚಿಪ್ಪು ಅಗ್ಗದ್ದು, ಅದಕ್ಕೆ ಪುರಸೊತ್ತು ಬೇಕಿತ್ತು. ಆ ಪುರಸೊತ್ತು ಒಂದೆರಡು ಸಲ ಕಣ್ಣು ಮಿಟುಕಿಸುವಷ್ಟೇ ಎಂದು ನಾನು ಲಕ್ಷ್ಯ ಮಾಡಲಿಲ್ಲ. ಮಗ್ಗ ನಡೆಯುವಾಗ ಅಕ್ಕನಿಗೆ ಹಾಕಿದೆ. ಅವಳ ಅತ್ತೆ ಎದುರಿಗೆ ಕೂತು, ಅಕ್ಕರೆಯ ಮುಖ ಮಾಡಿ, ಒಂದಾದ ಮೇಲೊಂದು ಕೇಳುತ್ತ ಹೋದಳು. ಅಕ್ಕಿ ಎಲ್ಲೈತಿ, ಹಾಲಿನಾಕಿ ಬಂದಿದ್ಲೇನು, ನಾಳೆ ಯಾವ ವಾರ. ನಿನ್ನೆಯವರೆಗೆ ತುಟಿ ನೋಡಿ ಥಟ್ಟನೆ ಉತ್ತರ ಕೊಡುತ್ತಿದ್ದ ಅಕ್ಕ ಈಗ ತಡವರಿಸಿದಳು. ವಾರ ಕೇಳಿದರೆ ಹಾಲು ಎಂದಳು. ಹಾಲು ಕೇಳಿದರೆ ಅಕ್ಕಿ ಎಂದಳು.

"ಕಿವಿ ಅಷ್ಟ ಹೋಗಿತ್ತು. ತಂಗಿ ಬಂದು ತಲೀನೂ ತಗದ್ಲು," ಎಂದು ಅತ್ತೆ ಮಗನಿಗೆ ಹೇಳಿದಳು. ಈ ಸಲ ಬೆನ್ನು ತಿರುಗಿಸುವ ಉಸಾಬರಿಗೂ ಹೋಗಲಿಲ್ಲ.

ಹೊರಗೆ ಬಂದ ಮೇಲೆ ನಾನು ಅಕ್ಕನ ಮೇಲೆಯೇ ಸಿಟ್ಟಾದೆ. ಅಷ್ಟು ಸ್ವಚ್ಛ ಮಾತು ಬರುತ್ತಿದೆ, ಏನು ಧಾಡಿ ನಿನಗೆ ಎಂದೆ. ಮಾತು ಬರುತ್ತವೆ, ಆದರೆ ಬಾಯಿ ಮುಚ್ಚಿದ ಮೇಲೆ ಬರುತ್ತವೆ ಎಂದಳು. ತುಟಿ ಒಂದು ಹೇಳುವಾಗ ಕಿವಿಯಲ್ಲಿ ಅದರ ಹಿಂದಿನದು ಬೀಳುತ್ತಿತ್ತು. ಇಷ್ಟು ವರ್ಷ ಅವಳನ್ನು ಕಾಯ್ದದ್ದು ಕಣ್ಣು. ನಾನು ಕೊಟ್ಟ ಕಿವಿ ಆ ಕಣ್ಣಿನ ಜೊತೆ ಜಗಳಕ್ಕೆ ನಿಂತಿತ್ತು.

ಕಂತು ಕೂಡಿಡುವುದನ್ನು ಬಿಡಬೇಕಾಯಿತು. ಸದ್ದಿನ ಒಂದೊಂದು ಅಂಕಿ ಬಂದ ಹಾಗೆ, ಇನ್ನೊಂದು ಬರುವ ಮೊದಲೇ ಲೆಕ್ಕವೆಲ್ಲ ಮುಗಿಯಬೇಕು. ಅದಕ್ಕೆ ಚಿಪ್ಪಿನ ಗಡಿಯಾರವನ್ನು, ಎಂದರೆ ಅದಕ್ಕೆ ಹೆಜ್ಜೆ ಹಾಕಿಸುವ ತಾಳವನ್ನು, ಬಹಳ ಜೋರಾಗಿ ಓಡಿಸಬೇಕು. ನನ್ನ ಜೋಡಣೆ ಆ ವೇಗಕ್ಕೆ ಬಗ್ಗಲಿಲ್ಲ. ಕಂಪ್ಯೂಟರಿನ ಪರದೆಯ ತುಂಬ ಕೆಂಪು ಸಾಲುಗಳು. ಇಲ್ಲಿ ಗುಣಾಕಾರ ಮುಗಿದಿಲ್ಲ, ಅಲ್ಲಿ ಕೂಡುವುದು ಮುಗಿದಿಲ್ಲ.

ಇದಕ್ಕೆ ಒಂದು ಮದ್ದಿದೆ. ಜೋಡಣೆಯ ಪ್ರತಿ ತುಂಡಿಗೂ ಲೇಟೆನ್ಸಿ ಎಂಬ ಒಂದು ಸೆಟ್ಟಿಂಗ್ ಇರುತ್ತದೆ. ಒಳಗೆ ಹೋದ ಅಂಕಿ ಎಷ್ಟು ಹೆಜ್ಜೆಯ ನಂತರ ಹೊರಗೆ ಬರಬೇಕು ಎಂಬುದು ಅದು. ಮನೆಗೆ ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟಿನ ಬುಟ್ಟಿ ಸಾಗಿಸುವ ಸಾಲು ನೋಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ಮಂದಿ ಕಡಿಮೆ ಇದ್ದರೆ ಒಬ್ಬೊಬ್ಬರೂ ಬುಟ್ಟಿ ಹೊತ್ತು ಬಹಳ ದೂರ ನಡೆಯಬೇಕು, ಸಾಲು ನಿಧಾನ. ನಡುವೆ ಇನ್ನಷ್ಟು ಜನರನ್ನು ನಿಲ್ಲಿಸಿದರೆ ಕೈ ಚಾಚಿದರೆ ಸಾಕು, ಬುಟ್ಟಿಗಳು ಸರಸರ ಸಾಗುತ್ತವೆ. ಮೊದಲ ಬುಟ್ಟಿ ಮೇಲೆ ಮುಟ್ಟುವ ಮುನ್ನ ಬಹಳ ಕೈ ದಾಟಬೇಕು, ನಿಜ. ಆದರೆ ಅದರ ಹಿಂದಿನವು ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಲೇಟೆನ್ಸಿ ಏರಿಸುವುದೆಂದರೆ ಸಾಲಿನಲ್ಲಿ ಜನ ಹೆಚ್ಚಿಸುವುದು. ಚಿಪ್ಪಿನೊಳಗಿನ ಆ ತಡ ಎಷ್ಟು ಸಣ್ಣದೆಂದರೆ ಮನುಷ್ಯನ ಕಿವಿಗೆ ಅದರ ಗಾಳಿಯೂ ಸೋಕುವುದಿಲ್ಲ.

ನಾನು ಕಂಡಕಂಡಲ್ಲಿ ಏರಿಸಿದೆ. ಗುಣಾಕಾರಕ್ಕೆ ಏರಿಸಿದೆ, ಕೂಡುವುದಕ್ಕೆ ಏರಿಸಿದೆ, ತಪ್ಪು ಉಳಿದರೆ ತಿದ್ದುವ ಲೆಕ್ಕಕ್ಕೂ ಏರಿಸಿದೆ. ಒಂದು ದಾರಿಗೆ ಏರಿಸಿದಷ್ಟೇ ಅದರ ಜೊತೆಗಿನ ದಾರಿಗೂ ಏರಿಸಿ, ಮಾತೂ ಮಗ್ಗವೂ ಕಳೆಯುವ ಜಾಗಕ್ಕೆ ಒಟ್ಟಿಗೆ ಬಂದು ಮುಟ್ಟುವಂತೆ ನೋಡಿಕೊಂಡೆ. ಕೆಂಪು ಸಾಲುಗಳು ಒಂದೊಂದಾಗಿ ಮಾಯವಾದವು. ಗಡಿಯಾರ ನಾನು ಕೇಳಿದ್ದಕ್ಕಿಂತ ಜೋರಾಗಿ ಓಡಿತು. ಖರೆ ಹೇಳುತ್ತೇನೆ, ಆ ದಿನ ನನಗೆ ಕೊಂಬು ಮೂಡಿದ್ದವು.

ಮತ್ತೆ ಬನಹಟ್ಟಿಗೆ ಹೋದೆ. ಈ ಸಲ ನೋಡಲು ಪಕ್ಕದ ಮನೆಯವರೂ ಬಂದಿದ್ದರು, ಅತ್ತೆಯೇ ಕರೆದಿದ್ದಳು. ಅಕ್ಕ ಪೆಟ್ಟಿಗೆ ಕಟ್ಟಿಕೊಂಡಳು. ಭಾವ ಮಗ್ಗಗಳ ಸ್ವಿಚ್ ಒತ್ತಿದ. ಒಂದು ಉಸಿರಿನ ಹೊತ್ತು ಅಕ್ಕ ನಕ್ಕಳು. ಆಮೇಲೆ ಅವಳ ಮುಖ ಕಿವುಚಿಕೊಂಡಿತು, ಎರಡೂ ಕಿವಿ ಹಿಡಿದುಕೊಂಡು ನೆಲಕ್ಕೆ ಕೂತಳು. ಕಿವಿಯಿಂದ ಎಳೆದು ಬಿಸಾಕಿದ ತುಂಡಿನೊಳಗಿಂದ ಬರುತ್ತಿದ್ದ ಕೂಗು ಮಗ್ಗದ ಸದ್ದಿನಲ್ಲೂ ನಮಗೆಲ್ಲ ಕೇಳಿತು. ಕುದುರೆ ಕೊರಳು ಕೊಯ್ದಂಥ ಕೂಗು. ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಂದ ಹೆಂಗಸರೂ ನಕ್ಕರು. ಅವರಲ್ಲಿ ಅರ್ಧ ಜನ ನಾಳೆ ಕಿವುಡರಾಗುವವರೇ.

"ಮೇಡಂ ಅವ್ರ, ಇದ್ದ ಚೂರುಪಾರು ಕಿವೀನೂ ತಗದ್ರಿ ನೋಡ್ರಿ," ಎಂದ ಭಾವ.

ಅಕ್ಕನ ಕಿವಿಯಲ್ಲಿ ವಾರದ ತನಕ ಗುಂಯ್‌ಗುಟ್ಟುತ್ತಲೇ ಇತ್ತು. ಅವಳು ನನಗೆ ನಾಲ್ಕು ಮಾತು ಅಂದಿದ್ದರೆ ಚೆನ್ನಾಗಿತ್ತು. ಸಂಕ್ರಮಣ ಹತ್ತಿರ ಬಂದಿತ್ತು.

ತಪ್ಪು ಎಲ್ಲಿ ಎಂದು ನನಗೆ ಹೊಳೆದದ್ದು ಪುಸ್ತಕದಲ್ಲಲ್ಲ, ಜಮಖಂಡಿ ರಸ್ತೆಯಲ್ಲಿ. ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರು ಕಬ್ಬು ತುಂಬಿದ ಟ್ರೇಲರನ್ನು ಹಿಂದಕ್ಕೆ ತೆಗೆಯುತ್ತಿತ್ತು, ನಮ್ಮ ಬಸ್ಸು ನಿಂತಿತ್ತು. ಹಿಂದೆ ನಿಂತವನು ಎಡಕ್ಕೆ ಎಂದು ಕೂಗುತ್ತಿದ್ದ. ಎಂಜಿನ್ ಸದ್ದಿನಲ್ಲಿ ಅದು ಡ್ರೈವರನಿಗೆ ತಡವಾಗಿ ಕೇಳುತ್ತಿತ್ತು. ಅವನು ಎಡಕ್ಕೆ ತಿರುಗಿಸುವ ಹೊತ್ತಿಗೆ ಟ್ರೇಲರು ಆಗಲೇ ಎಡಕ್ಕೆ ಬಂದಿರುತ್ತಿತ್ತು, ಈಗ ಅದು ಇನ್ನೂ ಎಡಕ್ಕೆ ಹೋಗುತ್ತಿತ್ತು. ಹಿಂದಿನವನು ಬಲಕ್ಕೆ ಎಂದು ಬೊಬ್ಬೆ ಹಾಕುತ್ತಿದ್ದ, ಅದೂ ತಡ. ಪ್ರತಿ ಸಲ ತಿದ್ದುವುದು ಹೆಚ್ಚಾಗಿ, ಕೊನೆಗೆ ಟ್ರೇಲರಿನ ಗಾಲಿ ಚರಂಡಿಗೆ ಇಳಿಯಿತು. ಬಸ್ಸಿನವರೆಲ್ಲ ಇಬ್ಬರಿಗೂ ಬೈದರು. ನಾನು ಕಿಟಕಿಯಲ್ಲಿ ಕೂತು ಹಣೆ ಬಡಿದುಕೊಂಡೆ.

ನನ್ನ ಚಿಪ್ಪಿನಲ್ಲಿಯೂ ಅಂಥ ಒಂದು ಸುತ್ತು ಇತ್ತು. ಕಳೆದ ಮೇಲೂ ಎಷ್ಟು ಮಗ್ಗ ಉಳಿದಿದೆ ಎಂದು ನೋಡಿ, ಅದು ಹಿಂದಕ್ಕೆ ಹೋಗಿ ಮುಂದಿನ ಲೆಕ್ಕವನ್ನು ತಿದ್ದುತ್ತದೆ. ನೇರ ಸಾಲಿನಲ್ಲಿ ಎಷ್ಟು ಜನರನ್ನಾದರೂ ನಿಲ್ಲಿಸು, ಬಾಧೆಯಿಲ್ಲ. ಸುತ್ತಿನಲ್ಲಿ ಒಬ್ಬೊಬ್ಬರನ್ನು ಹೆಚ್ಚಿಸಿದಂತೆ ತಿದ್ದುಪಡಿ ತಡವಾಗುತ್ತದೆ. ತಡವಾದ ತಿದ್ದುಪಡಿ ಸುಮ್ಮನಿರುವುದಿಲ್ಲ, ಇದ್ದ ತಪ್ಪನ್ನೇ ಬೆಳೆಸುತ್ತದೆ. ಬೆಳೆದು ಬೆಳೆದು ಅಕ್ಕನ ಕಿವಿಯಲ್ಲಿ ಕೂಗಿತ್ತು.

ಸುತ್ತಿನೊಳಗಿನ ಸೆಟ್ಟಿಂಗುಗಳನ್ನು ಇಳಿಸಿದೆ. ಕೆಂಪು ಸಾಲುಗಳು ಮರಳಿ ಬಂದವು. ಒಂದನ್ನು ಇಳಿಸಿ, ಒಂದನ್ನು ಏರಿಸಿ, ಒಂದೇ ತುಂಡಿನ ಮೇಲೆ ಬಿದ್ದಿದ್ದ ಕೆಲಸವನ್ನು ಎರಡಕ್ಕೆ ಹಂಚಿ, ತಿದ್ದುವ ಪ್ರಮಾಣವನ್ನೂ ಸಣ್ಣದು ಮಾಡಿ, ಹೀಗೆ ಹಗ್ಗ ಜಗ್ಗಾಡುತ್ತ ದಿನ ಕಳೆದೆ. ಕಾಲೇಜಿನಲ್ಲಿ ಹುಡುಗರಿಗೆ ಬೈದೆ, ಊಟ ಬಿಟ್ಟೆ. ಕೊನೆಗೆ ಗಡಿಯಾರ ಬೇಕಾದಷ್ಟೇ ಓಡಿತು, ಕೂಗು ಹುಟ್ಟಲಿಲ್ಲ. ಯಾವ ಸಾಲಿಗೆ ಎಷ್ಟು ತಡ ಕೊಡಬೇಕು, ಯಾವುದಕ್ಕೆ ಕೊಡಲೇಬಾರದು, ಅಷ್ಟೇ ವಿದ್ಯೆ. ಅದಕ್ಕೆ ಇಷ್ಟು ಕಷ್ಟ.

ಮೂರನೇ ಸಲ ಹೋದಾಗ ಯಾರಿಗೂ ಹೇಳಲಿಲ್ಲ. ಅತ್ತೆ ಗುಡಿಗೆ ಹೋಗಿದ್ದಳು, ಭಾವ ನೂಲು ತರಲು ರಬಕವಿಗೆ ಹೋಗಿದ್ದ. ಮಗ್ಗಗಳು ನಡೆದಿದ್ದವು. ಅಕ್ಕ ಹೆದರಿ ಹೆದರಿ ಪೆಟ್ಟಿಗೆ ಕಟ್ಟಿಕೊಂಡು ಮಗ್ಗದ ಮುಂದೆ ನಿಂತಳು. ನಾನು ಅವಳ ಹಿಂದೆ, ನಾಲ್ಕು ಮಾರು ದೂರ ನಿಂತು, ನಮ್ಮವ್ವ ಸಣ್ಣಂದಿನಲ್ಲಿ ಹೇಳುತ್ತಿದ್ದ ಧಾಟಿಯಲ್ಲಿ, "ಹಾಲು ಉಕ್ಕಾಕತ್ತೈತಿ ನೋಡಲೇ," ಎಂದೆ.

ಅಕ್ಕ ನೂಲು ಕೈಬಿಟ್ಟು ಒಲೆಯ ಕಡೆ ಓಡಿದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅವಳು ಅಲ್ಲೇ ಕಟ್ಟೆ ಹಿಡಿದು ನಿಂತು ಅತ್ತಳು. ನಾನೂ ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಆ ಗದ್ದಲದಲ್ಲಿ ನಾನು ಆಡಿದ ಮಾತು ನನಗೇ ಕೇಳಿರಲಿಲ್ಲ. ಅವಳಿಗೆ ಕೇಳಿತ್ತು.

ಹಿರಿಯರು ಬಂದ ದಿನ ನಡುಮನೆಯಲ್ಲಿ ಜಮಖಾನೆ ಹಾಸಿದ್ದರು. ಚುರಮುರಿ ಸೂಸಲಾ ಬಂತು, ಚಹಾ ಬಂತು. ಮೂವರು ಹಿರಿಯರು, ನಮ್ಮಪ್ಪ, ನಾನು. ಮಾತುಕತೆಗೆ ಮಗ್ಗ ನಿಲ್ಲಿಸೋಣ ಎಂದು ದೊಡ್ಡ ಹಿರಿಯರು ಸನ್ನೆ ಮಾಡಿದರು. ಅತ್ತೆ ಬೇಡವೆಂದಳು. ಈ ಮನೆಯಲ್ಲಿ ಬಾಳುವೆ ಮಾಡುವವಳು ಈ ಮನೆಯ ಸದ್ದಿನಲ್ಲೇ ಕೇಳಿಸಿಕೊಳ್ಳಬೇಕು ಎಂದು ವಾದ. ನನಗೆ ಅವಳ ಹೊಟ್ಟೆಯೊಳಗಿನದು ಗೊತ್ತಾಯಿತು. ಮಗ್ಗ ನಡೆದರೆ ಪೆಟ್ಟಿಗೆ ಮತ್ತೆ ಕೂಗುತ್ತದೆ, ಸೊಸೆ ಮತ್ತೆ ನೆಲಕ್ಕೆ ಕೂರುತ್ತಾಳೆ. ನಾನು ತಲೆ ತಗ್ಗಿಸಿ, ಹೆದರಿದವಳ ಹಾಗೆ ಕೂತೆ. ಒಳಗೊಳಗೇ ಹಿಗ್ಗಿದೆ.

ತುಟಿ ನೋಡಿ ಮೋಸ ಮಾಡಿಯಾಳೆಂದು ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ಒಂದೊಂದು ಪ್ರಶ್ನೆಯನ್ನೂ ಅಕ್ಕ ನಮ್ಮ ಕಡೆ ತಿರುಗಿ, ತುಟಿ ಕಾಣುವಂತೆ ಮತ್ತೊಮ್ಮೆ ಹೇಳಿಯೇ ಉತ್ತರ ಕೊಟ್ಟಳು. ನಿಮ್ಮ ತವರಿನ ದೇವರು ಯಾವುದು? ಅಕ್ಕ ಹೇಳಿದಳು. ಮಗಳು ಹುಟ್ಟಿದ್ದು ಯಾವ ವಾರ? ಹೇಳಿದಳು. ಈ ಹಿರಿಯರಿಗೆ ಚಹಾ ಸಿಹಿ ಆಗಿದೆಯೋ ಸಪ್ಪೆಯೋ ಕೇಳು. ಅಕ್ಕ ತಿರುಗಿ ಕೇಳಿದಳು. ಗೋಳು ಎಂದರೆ ಹಿರಿಯರಿಗೆ ಒಂದೂ ಕೇಳಿಸುತ್ತಿರಲಿಲ್ಲ. ಕಿವಿಗೆ ಅಂಗೈ ಹಿಡಿದು ಏನಂದಳು, ಏನಂದಳು ಎಂದು ನಮ್ಮಪ್ಪನನ್ನು ಕೇಳುತ್ತಿದ್ದರು. ಒಬ್ಬಳ ಕಿವಿ ಪರೀಕ್ಷೆ ಮಾಡಲು ಬಂದ ಮೂವರೂ ಆ ಮನೆಯಲ್ಲಿ ಕಿವುಡರೇ.

ಅತ್ತೆಯ ಮುಖ ಕಪ್ಪಿಟ್ಟಿತು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು. ಭಾವನೂ ಹಿಂದೆಯೇ ಹೋದ. ಇಬ್ಬರೂ ನಮ್ಮ ಕಡೆ ಬೆನ್ನು ಮಾಡಿ ನಿಂತರು, ಆ ಮನೆಯ ಪದ್ಧತಿಯಂತೆ. ಏನು ಮಾತಾಡಿದರೋ ನಮಗೆ ಯಾರಿಗೂ ತಿಳಿಯಲಿಲ್ಲ. ಅಕ್ಕನ ಮುಖದ ಬಣ್ಣ ಇಳಿದದ್ದನ್ನು ಮಾತ್ರ ನಾನು ನೋಡಿದೆ. ಅವಳು ಎದ್ದು ನಿಂತಳು. ಹೋಗಿ ಮಗ್ಗಗಳ ಸ್ವಿಚ್ ತಾನೇ ಆರಿಸಿದಳು. ಮನೆ ಗಪ್ಪಾಯಿತು. ಅವಳು ಹಿರಿಯರ ಮುಂದೆ ಬಂದು, ದನಿ ಏರಿಸದೆ, ಪಾಠ ಒಪ್ಪಿಸಿದ ಹಾಗೆ ಹೇಳಿದಳು.

"ಈಗ ನನ್ನ ಗಂಡ ಏನಂದ ಹೇಳ್ತೀನಿ ಕೇಳ್ರಿ. 'ಕೇಳಿದ್ರ ಕೇಳ್ಲಿ ಬಿಡ ಬೇ. ಬೀಳಗಿಯವ್ರಿಗೆ ಮಾತ ಕೊಟ್ಟಾಗೇತಿ, ಅಕಿ ಬರೂದ ಬರೂದ. ಇಕಿನೂ ಒಂದು ಮೂಲ್ಯಾಗ ಬಿದ್ದಿರ್ಲಿ. ಕಿವಿ ಇಲ್ಲಂದ್ರ ಏನಾತು, ಕೈ ಅದಾವಲ್ಲ. ಮಗ್ಗಕ್ಕ ಪುಕ್ಕಟೆ ಆಳು.' ಇಷ್ಟ ಅಂದ್ರಿ ಅವ್ರು. ಖರೆ ಹೌದೋ ಅಲ್ಲೋ ಕೇಳ್ರಿ."

ಅತ್ತೆ ಬಾಗಿಲ ಚೌಕಟ್ಟು ಹಿಡಿದಳು. ತಾಯಿ ಮಗ ಇಬ್ಬರಲ್ಲಿ ಒಬ್ಬರೂ ಅಲ್ಲ ಎನ್ನಲಿಲ್ಲ. ನಾನು ಹಿರಿಯರ ಮುಖ ನೋಡಿದೆ. ಈಗ ಇವರು ಎದ್ದು ಅವನ ಕೆನ್ನೆಗೆ ಒಂದು ಬಿಗಿಯುತ್ತಾರೆ, ಮಗಳನ್ನು ಅಕ್ಕನ ಕೈಗಿಟ್ಟು ಹೋಗೋಣ ನಡೆಯಿರಿ ಎನ್ನುತ್ತಾರೆ ಎಂದು ನಂಬಿದ್ದೆ. ಎಂಥ ದಡ್ಡಿ ನಾನು.

ದೊಡ್ಡ ಹಿರಿಯರು ಚಹಾದ ಬಸಿ ಕೆಳಗಿಟ್ಟರು. "ಅಂದ್ರ ಕಿವಿ ಕೇಳ್ತಾವ ಅಂದಂಗಾತು," ಎಂದರು. ಉಳಿದಿಬ್ಬರೂ ತಲೆಯಾಡಿಸಿದರು. "ಕೇಳ್ತಾವಂದ ಮ್ಯಾಲೆ ಬಿಡೂ ಮಾತ ಇಲ್ಲ. ಹುಡುಗಿ ಇಲ್ಲೇ ಬಾಳುವಿ ಮಾಡ್ಲಿ."

ಬೀಳಗಿಯ ಮಾತೇನು ಎಂದು ನಾನು ಎದ್ದು ಕಿರುಚಿದೆ. ಅದು ಬೇರೆ ಮಾತು, ಅದಕ್ಕೆ ಇವತ್ತು ಕೂಡಿಲ್ಲ ಎಂದು ಅವರು ಟೋಪಿ ಸರಿಮಾಡಿಕೊಂಡರು. ನಮ್ಮಪ್ಪ ಅವರಿಗೆ ಕೈ ಮುಗಿದ. ಸಂತೋಷದಿಂದಲೇ ಮುಗಿದ, ಪಾಪ, ಮಗಳ ಬಾಳುವೆ ಉಳಿಯಿತಲ್ಲ. ನಾನು ಕೊಟ್ಟ ಕಿವಿಯೇ ಅಕ್ಕನನ್ನು ಆ ಮನೆಗೆ ಕಟ್ಟಿಹಾಕಿತು. ಅವಳು ಬೇಡಿದ್ದೂ ಅದನ್ನೇ. ಯಾರನ್ನು ಬೈಯಲಿ?

ಬೀಳಗಿಯವರು ತಾವಾಗಿಯೇ ಹಿಂದೆ ಸರಿದರು. ಗೋಡೆಯಾಚೆಯ ಪಿಸುಮಾತೂ ಕೇಳುವ ಸವತಿ ಇರುವ ಮನೆಗೆ ಯಾರು ಹೆಣ್ಣು ಕೊಡುತ್ತಾರೆ? ಬನಹಟ್ಟಿಯ ಆ ಓಣಿಯಲ್ಲಿ ಪೆಟ್ಟಿಗೆಯ ಸುದ್ದಿ ಹಬ್ಬಿತು, ಹಬ್ಬುತ್ತ ಬೆಳೆಯಿತು. ಮುದುಕಿ ಈಗ ಅಕ್ಕ ಹಿತ್ತಲಲ್ಲಿದ್ದರೂ ಬಾಯಿ ಬಿಗಿಹಿಡಿಯುತ್ತಾಳಂತೆ. ಭಾವ ಫೋನಿನಲ್ಲಿ ಮಾತಾಡಲು ಬೀದಿಯ ತುದಿಗೆ ಹೋಗುತ್ತಾನಂತೆ. ಇದನ್ನು ಕೇಳಿ ನಾನು ಹೊಟ್ಟೆ ತುಂಬ ನಕ್ಕೆ, ಇವತ್ತಿಗೂ ಆ ನಗುವಿಗೆ ನಾಚಿಕೆ ಇಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಅಕ್ಕ ಒಬ್ಬಳೇ ಜಮಖಂಡಿಗೆ ನನ್ನ ಕೋಣೆಗೆ ಬಂದಳು. ಕೈಚೀಲದೊಳಗೆ ಪೆಟ್ಟಿಗೆ. ಕೆಟ್ಟಿದೆಯೇ ಎಂದೆ. ಇಲ್ಲ, ಛಲೋ ಇದೆ ಎಂದಳು. ಚಹಾ ಕುಡಿದು, ಲೋಟ ತೊಳೆದಿಟ್ಟು, ಆಮೇಲೆ ಕೇಳಿದಳು. ಇದರಲ್ಲಿ ಮಗ್ಗ ತೆಗೆದು ಮಾತು ಉಳಿಸಿದ್ದೀಯಲ್ಲ, ತಿರುವುಮುರುವು ಮಾಡಲು ಬರುತ್ತದೆಯೇ? ಮಾತು ತೆಗೆದು ಮಗ್ಗ ಒಂದನ್ನೇ ಉಳಿಸಲು?

ನನಗೆ ತಲೆ ಕೆಟ್ಟಿತು. ಇಷ್ಟು ಪಾಡು ಪಟ್ಟು ಮಾಡಿದ್ದನ್ನು ಏತಕ್ಕೆ ಹಾಳು ಮಾಡಿಸುತ್ತೀ ಎಂದು ಬೈದೆ. ಮಗ್ಗದ ಸದ್ದಿದ್ದರೆ ನೂಲು ಹರಿದದ್ದು ಗೊತ್ತಾಗುತ್ತದೆ, ಕೆಲಸಕ್ಕೆ ಅನುಕೂಲ ಎಂದಳು. ಅದು ಸುಳ್ಳಲ್ಲ. ಆದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ತುಟಿ ನೋಡಿ ಬದುಕಿದವಳು ಮುಖ ನೋಡದೆ ಮಾತಾಡಿದರೆ ಏನೋ ಇದೆ ಎಂದೇ ಅರ್ಥ.

ನಾನು ಅವಳ ಗದ್ದ ಹಿಡಿದು ಎತ್ತಿ, ನನ್ನ ತುಟಿ ತೋರಿಸಿ, ಹಾಗೆ ಮಾಡಿದರೆ ಮಗಳ ಮಾತೂ ಹೋಗುತ್ತವೆ ಎಂದೆ.

"ಅಕಿ ಮಾತ ಮೊದಲ ತಗೀ," ಎಂದಳು.

ನನಗೆ ಆಗ ಆ ಆಟ ನೆನಪಾಯಿತು. ದೊಡ್ಡವರೆಲ್ಲ ಹೆದರಿ ಬಾಯಿ ಮುಚ್ಚಿದ್ದರು. ಹುಡುಗಿಗೆ ಯಾರೂ ಆಟ ನಿಂತಿತು ಎಂದು ಹೇಳಿರಲಿಲ್ಲ. ದಿನವೂ ಸಾಲಿಯಿಂದ ಬಂದು, ತಾಯಿಯ ಬೆನ್ನ ಹಿಂದೆ ನಿಂತು, ಅಜ್ಜಿ ಕಲಿಸಿದ ಬೈಗುಳವನ್ನು ಕೂಗುತ್ತಿತ್ತು. ಅಕ್ಕ ಒಂದು ದಿನವೂ ತಿರುಗಿರಲಿಲ್ಲ. ತಿರುಗಿದರೆ ಹುಡುಗಿ ಸೋಲುತ್ತದಲ್ಲ.

"ಮುಂದ ಬಂದು ನಿಂತ್ರ ಅಕಿ ತುಟಿ ಅವ್ವಾ ಅಂತಾವ," ಎಂದಳು ಅಕ್ಕ. "ನನಗ ಅಷ್ಟ ಸಾಕವ್ವ."

ಬದಲಿಸುವುದು ಬಹಳ ಸುಲಭವಿತ್ತು. ಕೊರಳ ಮೈಕಿನ ದಾರಿ ಕಡಿದು, ಮಗ್ಗದ ಕಾಲಿನ ಮೈಕುಗಳನ್ನು ನೇರ ಕಿವಿಗೆ ಜೋಡಿಸಿದರೆ ಮುಗಿಯಿತು. ಕಳೆಯುವುದಿಲ್ಲ, ತಿದ್ದುವುದಿಲ್ಲ, ಸುತ್ತಿಲ್ಲ, ತಡದ ಲೆಕ್ಕವೇ ಬೇಕಿಲ್ಲ. ಅವಳು ಇನ್ನೊಂದು ಚಹಾ ಮಾಡುವುದರೊಳಗೆ ಮಾಡಿಕೊಟ್ಟೆ. ಆ ಮನೆಯವರು ಇವತ್ತಿಗೂ ಪೆಟ್ಟಿಗೆಗೆ ಹೆದರುತ್ತಾರೆ. ಅಕ್ಕ ಅದನ್ನು ಬೆಳಿಗ್ಗೆ ಕಟ್ಟಿಕೊಂಡು ಮಗ್ಗದ ಮುಂದೆ ನಿಲ್ಲುತ್ತಾಳೆ, ಹುಡುಗಿ ಹಿಂದೆ ಬಂದು ನಿಲ್ಲುತ್ತದೆ.